ಬಯೋಸ್ ಮತ್ತು ಕಂಪ್ಯೂಟರ್ ಆರಂಭದ ಸೆಟ್ಟಿಂಗ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪವರ್ ಬಟನ್ ಒತ್ತಿದ ಕ್ಷಣದಿಂದ ವಿಂಡೋಸ್ ಅಥವಾ ಲಿನಕ್ಸ್ ತನ್ನ ಕೆಲಸ ಆರಂಭಿಸುವವರೆಗೆ ಕಂಪ್ಯೂಟರನ್ನು ನಡೆಸುವುದು ಮದರ್‌ಬೋರ್ಡ್‌ನಲ್ಲಿರುವ ಫರ್ಮ್‌ವೇರ್, ಅಂದರೆ ಚಿಪ್‌ನಲ್ಲೇ ಬರೆದಿಟ್ಟಿರುವ ತಂತ್ರಾಂಶ. ಬಯೋಸ್ ಎಂದು ಕರೆಯುವುದು ಇದನ್ನೇ. ಅದರ ಸೆಟ್ಟಿಂಗ್‌ಗಳನ್ನು ಮುಟ್ಟಲು ಅನೇಕರು ಹೆದರುತ್ತಾರೆ; ಇನ್ನು ಕೆಲವರು ಯಾವುದೋ ವಿಡಿಯೋ ನೋಡಿ ಹತ್ತಾರು ಆಯ್ಕೆಗಳನ್ನು ಒಮ್ಮೆಲೇ ಬದಲಿಸಿ, ಆಮೇಲೆ ಕಂಪ್ಯೂಟರ್ ಆರಂಭವಾಗುತ್ತಿಲ್ಲವೆಂದು ಕಂಗಾಲಾಗುತ್ತಾರೆ. ಈ ಎರಡರ ಅಗತ್ಯವೂ ಇಲ್ಲ. ಕೆಳಗಿನ ಉತ್ತರಗಳನ್ನು ಓದುವಾಗ ಒಂದು ವಿಷಯ ಗಮನದಲ್ಲಿರಲಿ: ಆಪರೇಟಿಂಗ್ ಸಿಸ್ಟಂ ಇನ್‌ಸ್ಟಾಲ್ ಆದ ದಿನ ಫರ್ಮ್‌ವೇರ್ ಯಾವ ಸ್ಥಿತಿಯಲ್ಲಿತ್ತೋ, ಮುಂದೆಯೂ ಅದೇ ಸ್ಥಿತಿ ಇರುತ್ತದೆಂದು ಆ ಸಿಸ್ಟಂ ನಂಬಿಕೊಂಡಿರುತ್ತದೆ. ಸೆಟ್ಟಿಂಗ್ ಬದಲಿಸಿದ ನಂತರ ಎದುರಾಗುವ ಬಹುಪಾಲು ತೊಂದರೆಗಳಿಗೆ ಈ ಹೊಂದಾಣಿಕೆ ತಪ್ಪಿರುವುದೇ ಕಾರಣ.

ಬಯೋಸ್ ಎಂದರೆ ಏನು? ಅದು ಎಲ್ಲಿರುತ್ತದೆ?

ಬಯೋಸ್ ಎನ್ನುವುದು ಬೇಸಿಕ್ ಇನ್‌ಪುಟ್ ಔಟ್‌ಪುಟ್ ಸಿಸ್ಟಂ ಎಂಬುದರ ಹ್ರಸ್ವರೂಪ. 1970ರ ದಶಕದಲ್ಲಿ ಗ್ಯಾರಿ ಕಿಲ್ಡಾಲ್ ರೂಪಿಸಿದ ಸಿಪಿ/ಎಂ ಆಪರೇಟಿಂಗ್ ಸಿಸ್ಟಂನಲ್ಲಿ ಯಂತ್ರಾಂಶದೊಡನೆ ನೇರವಾಗಿ ವ್ಯವಹರಿಸುವ ಭಾಗಕ್ಕೆ ಈ ಹೆಸರಿತ್ತು. 1981ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಬಿಡುಗಡೆ ಮಾಡಿದಾಗ ಇಂಥದೇ ತಂತ್ರಾಂಶವನ್ನು ಓದಲು ಮಾತ್ರ ಬರುವ ಚಿಪ್‌ನಲ್ಲಿಟ್ಟು ಮದರ್‌ಬೋರ್ಡ್‌ಗೆ ಜೋಡಿಸಿತ್ತು. ಈಗ ಅದರ ಜಾಗದಲ್ಲಿ ಮತ್ತೆ ಮತ್ತೆ ಬರೆಯಬಹುದಾದ ಸಣ್ಣ ಫ್ಲ್ಯಾಶ್ ಚಿಪ್ ಇರುತ್ತದೆ. ಇತ್ತೀಚಿನ ಬೋರ್ಡ್‌ಗಳಲ್ಲಿ ಅದರ ಸಾಮರ್ಥ್ಯ ಸಾಮಾನ್ಯವಾಗಿ 16 ಅಥವಾ 32 ಮೆಗಾಬೈಟ್. ಹಾರ್ಡ್ ಡಿಸ್ಕ್‌ಗೂ ಇದಕ್ಕೂ ಸಂಬಂಧವಿಲ್ಲವಾದ್ದರಿಂದ ಡಿಸ್ಕ್ ತೆಗೆದಿಟ್ಟರೂ ಅದರ ಸೆಟ್ಟಿಂಗ್‌ಗಳಿರುವ ಸೆಟಪ್ ಪರದೆ ತೆರೆಯುತ್ತದೆ, ವಿಂಡೋಸನ್ನು ಹೊಸದಾಗಿ ಹಾಕಿದರೂ ಸೆಟ್ಟಿಂಗ್‌ಗಳು ಹಾಗೆಯೇ ಉಳಿಯುತ್ತವೆ.

ಪವರ್ ಬಟನ್ ಒತ್ತಿದ ಮೇಲೆ ಏನೇನು ನಡೆಯುತ್ತದೆ?

ವಿದ್ಯುತ್ ಸ್ಥಿರಗೊಂಡ ಕೂಡಲೇ ಪ್ರೊಸೆಸರ್ ತನಗೆ ಮೊದಲೇ ಗೊತ್ತುಮಾಡಿರುವ ಒಂದು ವಿಳಾಸಕ್ಕೆ ಹೋಗಿ, ಅಲ್ಲಿರುವ ಫರ್ಮ್‌ವೇರ್‌ನ ಮೊದಲ ಆದೇಶವನ್ನು ಓದುತ್ತದೆ. ಆ ಹೊತ್ತಿಗೆ ರ‍್ಯಾಮ್ ಕೂಡ ಬಳಕೆಗೆ ಸಿದ್ಧವಾಗಿರುವುದಿಲ್ಲ. ಫರ್ಮ್‌ವೇರ್ ಮೊದಲು ರ‍್ಯಾಮನ್ನು ಗುರುತಿಸಿ, ಅದರ ಸಂಕೇತಗಳ ಸಮಯವನ್ನು ಹೊಂದಿಸಿ, ಬಳಿಕ ಗ್ರಾಫಿಕ್ಸ್, ಕೀಬೋರ್ಡ್ ಮತ್ತು ಡಿಸ್ಕ್‌ಗಳನ್ನು ಒಂದೊಂದಾಗಿ ಎಬ್ಬಿಸುತ್ತದೆ. ಈ ಸ್ವಯಂ ಪರೀಕ್ಷೆಯನ್ನೇ ಪೋಸ್ಟ್ ಎನ್ನುತ್ತಾರೆ. ಎಲ್ಲವೂ ಸರಿಯಿದ್ದರೆ ಬೂಟ್ ಪಟ್ಟಿಯಲ್ಲಿ ಮೊದಲಿರುವ ಸಾಧನದಿಂದ ಬೂಟ್ ಲೋಡರನ್ನು, ಅಂದರೆ ಆಪರೇಟಿಂಗ್ ಸಿಸ್ಟಂ ಅನ್ನು ಆರಂಭಿಸುವ ಪುಟ್ಟ ಪ್ರೋಗ್ರಾಂ ಅನ್ನು, ಓದಿ ಅಧಿಕಾರವನ್ನು ಅದಕ್ಕೆ ಒಪ್ಪಿಸುತ್ತದೆ. ಹೀಗೆ ಆರಂಭವಾಗುವುದನ್ನೇ ಬೂಟ್ ಆಗುವುದು ಎನ್ನುತ್ತಾರೆ.

ಹೊಸ ರ‍್ಯಾಮ್ ಹಾಕಿದ ಮೇಲೆ ಮೊದಲ ಬಾರಿ ಆನ್ ಮಾಡಿದಾಗ, ಅದರಲ್ಲೂ ಡಿಡಿಆರ್5 ಕಂಪ್ಯೂಟರ್‌ಗಳಲ್ಲಿ, ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ರ‍್ಯಾಮ್‌ನ ಸಮಯ ಹೊಂದಿಸುವ ಕೆಲಸ ಆಗ ನಡೆಯುತ್ತಿರುತ್ತದೆ. ಕೆಟ್ಟುಹೋಯಿತೆಂದು ಆತುರದಿಂದ ಪವರ್ ತೆಗೆಯಬೇಡಿ.

ಬಯೋಸ್ ಮತ್ತು ಯುಇಎಫ್‌ಐ ಒಂದೇ ಅಲ್ಲವೇ?

ಆಡುಮಾತಿನಲ್ಲಿ ಎರಡನ್ನೂ ಬಯೋಸ್ ಎಂದೇ ಕರೆಯುತ್ತೇವೆ, ತಯಾರಕರೂ ತಮ್ಮ ಡೌನ್‌ಲೋಡ್ ಪುಟಗಳಲ್ಲಿ ಅದೇ ಹೆಸರನ್ನು ಉಳಿಸಿಕೊಂಡಿದ್ದಾರೆ. ಆದರೆ ಬೂಟ್ ಮಾಡುವ ವಿಧಾನದಲ್ಲಿ ಅವು ತೀರ ಬೇರೆ. ಹಳೆಯ ಬಯೋಸ್ ಡಿಸ್ಕ್‌ನ ಮೊಟ್ಟಮೊದಲ 512 ಬೈಟ್‌ಗಳನ್ನು, ಅಂದರೆ ಎಂಬಿಆರ್ ಎಂಬ ಭಾಗವನ್ನು, ಓದಿ ಅಲ್ಲಿರುವ ಪುಟ್ಟ ಪ್ರೋಗ್ರಾಂಗೆ ಕೆಲಸ ಒಪ್ಪಿಸುತ್ತದೆ. ಅದು ಯಾವ ಪ್ರೋಗ್ರಾಂ, ಯಾರು ಬರೆದದ್ದು ಎಂಬುದನ್ನು ಅದು ವಿಚಾರಿಸುವುದಿಲ್ಲ. ಆ 512 ಬೈಟ್‌ಗಳಲ್ಲೇ ಪಾರ್ಟಿಷನ್‌ಗಳ, ಅಂದರೆ ಡಿಸ್ಕ್‌ನ ವಿಭಾಗಗಳ, ಪಟ್ಟಿಯೂ ಇರಬೇಕಾದ್ದರಿಂದ ನಾಲ್ಕು ಪ್ರಾಥಮಿಕ ಪಾರ್ಟಿಷನ್‌ಗಳಿಗಷ್ಟೇ ಜಾಗ ಸಿಗುತ್ತದೆ. ಪ್ರತಿ ಪಾರ್ಟಿಷನ್‌ನ ವಿಳಾಸಕ್ಕೆ 32 ಬಿಟ್ ಮಾತ್ರ ಮೀಸಲಾಗಿರುವುದರಿಂದ ಸಾಮಾನ್ಯ ಡಿಸ್ಕ್‌ಗಳಲ್ಲಿ ಸುಮಾರು 2 ಟೆರಾಬೈಟ್‌ನಾಚೆಗಿನ ಜಾಗವನ್ನು ಅದು ಗುರುತಿಸಲಾರದು.

ಇಂಟೆಲ್ ತನ್ನ ಇಟೇನಿಯಂ ಪ್ರೊಸೆಸರ್‌ಗಳಿಗಾಗಿ 1990ರ ದಶಕದಲ್ಲಿ ಆರಂಭಿಸಿದ ಇಎಫ್‌ಐ ಎಂಬ ಹೊಸ ವ್ಯವಸ್ಥೆ, 2005ರಲ್ಲಿ ಹಲವು ಕಂಪನಿಗಳ ಒಕ್ಕೂಟದ ಕೈಗೆ ಬಂದು ಯುಇಎಫ್‌ಐ ಎನಿಸಿಕೊಂಡಿತು. ಇದು ಫೈಲ್ ವ್ಯವಸ್ಥೆಯನ್ನು ಓದಬಲ್ಲದು. ಡಿಸ್ಕ್‌ನಲ್ಲಿ ಫ್ಯಾಟ್ ಸ್ವರೂಪದ ಒಂದು ಚಿಕ್ಕ ಪಾರ್ಟಿಷನ್ ಇರುತ್ತದೆ. ಬೂಟ್ ಲೋಡರ್ ಅಲ್ಲಿ ಸಾಮಾನ್ಯ ಫೈಲ್‌ನಂತೆ ಕುಳಿತಿರುತ್ತದೆ, ಅದರ ಹೆಸರು ಮತ್ತು ದಾರಿಯನ್ನು ಫರ್ಮ್‌ವೇರ್ ತನ್ನ ಚಿಪ್‌ನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಡಿಸ್ಕ್ ವಿಭಜನೆಗೆ ಜಿಪಿಟಿ ಕ್ರಮ ಬಳಕೆಯಾಗುತ್ತದೆ. ಅದರಲ್ಲಿ ಸಾಮಾನ್ಯವಾಗಿ 128 ಪಾರ್ಟಿಷನ್‌ಗಳವರೆಗೆ ಅವಕಾಶವಿದ್ದು, ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕ್‌ನ ಕೊನೆಯಲ್ಲಿರುತ್ತದೆ.

ನಿಮ್ಮ ಕಂಪ್ಯೂಟರ್ ಯಾವ ವಿಧಾನದಲ್ಲಿ ಬೂಟ್ ಆಗಿದೆ ಎಂದು ತಿಳಿಯಲು ವಿಂಡೋಸ್‌ನ ಸಿಸ್ಟಂ ಇನ್‌ಫರ್ಮೇಷನ್ ತೆರೆದು ಬಯೋಸ್ ಮೋಡ್ ಎಂಬ ಸಾಲನ್ನು ನೋಡಿ. ಅಲ್ಲಿ ಲೆಗಸಿ (ಅಂದರೆ ಹಳೆಯ ಬಯೋಸ್ ವಿಧಾನ) ಅಥವಾ ಯುಇಎಫ್‌ಐ ಎಂದು ಸ್ಪಷ್ಟವಾಗಿ ಬರೆದಿರುತ್ತದೆ.

ಸೆಟಪ್ ಪರದೆಗೆ ಹೋಗುವುದು ಹೇಗೆ? ಕೀ ಒತ್ತಿದರೂ ಅದು ಬರುತ್ತಿಲ್ಲ.

ಆನ್ ಮಾಡಿದ ಕೂಡಲೇ ನಿಗದಿತ ಕೀಯನ್ನು ಒಂದರ ಹಿಂದೆ ಒಂದರಂತೆ ಒತ್ತುತ್ತಿರಬೇಕು. ಬಿಡಿಯಾಗಿ ಕೊಂಡ ಮದರ್‌ಬೋರ್ಡ್‌ಗಳಲ್ಲಿ ಬಹುತೇಕ ಡಿಲೀಟ್ ಅಥವಾ ಎಫ್2, ಡೆಲ್ ಮತ್ತು ಏಸರ್ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ಎಫ್2, ಎಚ್‌ಪಿಯಲ್ಲಿ ಎಸ್ಕೇಪ್ ಅಥವಾ ಎಫ್10, ಲೆನೊವೊದಲ್ಲಿ ಮಾದರಿಗೆ ತಕ್ಕಂತೆ ಎಫ್1 ಅಥವಾ ಎಫ್2 ಕೆಲಸ ಮಾಡುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್ ಕೀಗಳಿಗೆ ಧ್ವನಿ ಮತ್ತು ಬೆಳಕಿನ ನಿಯಂತ್ರಣ ಕೊಟ್ಟಿರುವುದರಿಂದ ಜೊತೆಗೆ ಎಫ್ಎನ್ ಕೀಯನ್ನೂ ಹಿಡಿಯಬೇಕಾಗುತ್ತದೆ.

ಇತ್ತೀಚಿನ ಕಂಪ್ಯೂಟರ್‌ಗಳಲ್ಲಿ ಕೀಗೆ ಸಿಗುವ ಅವಧಿ ಬಹಳ ಕಡಿಮೆ. ಅದಕ್ಕಾಗಿ ಪೈಪೋಟಿ ನಡೆಸುವ ಬದಲು ವಿಂಡೋಸ್‌ನಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ. ಬರುವ ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ಎಂದು ಮುಂದುವರಿದರೆ ನೇರವಾಗಿ ಸೆಟಪ್ ತೆರೆಯುತ್ತದೆ. ಲೆಗಸಿ ವಿಧಾನದಲ್ಲಿ ಬೂಟ್ ಆದ ಕಂಪ್ಯೂಟರ್‌ನಲ್ಲಿ ಈ ಆಯ್ಕೆ ಕಾಣುವುದಿಲ್ಲ.

ಸೆಟ್ಟಿಂಗ್ ಬದಲಿಸುವ ಮುನ್ನ ಏನು ಮಾಡಬೇಕು?

ಬದಲಿಸಲಿರುವ ಪುಟದ ಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಒಂದು ಬಾರಿಗೆ ಒಂದೇ ಸೆಟ್ಟಿಂಗ್ ಬದಲಿಸಿ, ಉಳಿಸಿ, ಆಪರೇಟಿಂಗ್ ಸಿಸ್ಟಂ ಪೂರ್ತಿ ತೆರೆಯುವವರೆಗೆ ಕಾದು ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ತೊಂದರೆಯಾಯಿತೆಂದು ಹುಡುಕಲು ಇಡೀ ದಿನ ಬೇಕಾಗಬಹುದು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಡಿಸ್ಕ್‌ನ ಮಾಹಿತಿಯನ್ನು ಗೂಢಲಿಪಿಯಲ್ಲಿಡುವ ವಿಂಡೋಸ್‌ನ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಆಗಿದ್ದರೆ ಡಿಸ್ಕ್‌ನ ಬೀಗದ ಕೀಲಿ ಟಿಪಿಎಂ ಎಂಬ ಭದ್ರತಾ ಭಾಗದಲ್ಲಿರುತ್ತದೆ, ಮತ್ತು ಬೂಟ್ ವ್ಯವಸ್ಥೆ ಬದಲಾಗಿದೆಯೆಂದು ಕಂಡರೆ ಟಿಪಿಎಂ ಆ ಕೀಲಿಯನ್ನು ಕೊಡಲು ನಿರಾಕರಿಸುತ್ತದೆ. ಆಗ ಪರದೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ಆ ಡಿಸ್ಕ್‌ನಲ್ಲಿರುವ ಮಾಹಿತಿ ಮರಳಿ ಸಿಗುವುದಿಲ್ಲ. ತಮ್ಮ ಲ್ಯಾಪ್‌ಟಾಪ್‌ನಲ್ಲಿ ಎನ್‌ಕ್ರಿಪ್ಷನ್ ಆನ್ ಆಗಿರುವುದೇ ಎಷ್ಟೋ ಜನರಿಗೆ ತಿಳಿದಿರುವುದಿಲ್ಲ, ಏಕೆಂದರೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಅನೇಕ ಕಂಪ್ಯೂಟರ್‌ಗಳಲ್ಲಿ ಅದು ತಾನಾಗಿ ಆರಂಭವಾಗುತ್ತದೆ. ಅಂಥ ಸಂದರ್ಭದಲ್ಲಿ ಕೀ ಸಾಮಾನ್ಯವಾಗಿ ಆ ಖಾತೆಯಲ್ಲೇ ಉಳಿದಿರುತ್ತದೆ. ಅದನ್ನು ಮೊದಲು ಹುಡುಕಿ ಕಾಗದದ ಮೇಲೆ ಬರೆದುಕೊಳ್ಳಿ, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡಿ, ನಂತರವಷ್ಟೇ ಸೆಟಪ್‌ಗೆ ಹೋಗಿ. ಈ ಪುಟದಲ್ಲಿ ಒಂದೇ ಉತ್ತರವನ್ನು ನೆನಪಿಡಲು ಸಾಧ್ಯವಿದ್ದರೆ ಇದನ್ನು ನೆನಪಿಡಿ.

ಯುಎಸ್‌ಬಿಯಿಂದ ಬೂಟ್ ಮಾಡಲು ಬೂಟ್ ಕ್ರಮವನ್ನೇ ಬದಲಿಸಬೇಕೇ?

ಒಂದು ಸಲದ ಕೆಲಸಕ್ಕಾಗಿ ಬೇಕಾಗಿಲ್ಲ. ಆನ್ ಮಾಡುವಾಗ ಬೂಟ್ ಮೆನು ಕೀ ಒತ್ತಿದರೆ ಸಾಧನಗಳ ಪಟ್ಟಿ ಬರುತ್ತದೆ; ಅನೇಕ ಕಂಪ್ಯೂಟರ್‌ಗಳಲ್ಲಿ ಆ ಕೀ ಎಫ್12, ಕೆಲವದರಲ್ಲಿ ಎಫ್8, ಎಫ್9 ಅಥವಾ ಎಫ್11. ಅಲ್ಲಿ ಮಾಡಿದ ಆಯ್ಕೆ ಆ ಒಂದು ಬಾರಿಗಷ್ಟೇ ಅನ್ವಯಿಸುತ್ತದೆ.

ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಿಸಿಕೊಂಡರೆ ಒಂದರ ಮುಂದೆ ಯುಇಎಫ್‌ಐ ಎಂದಿರುತ್ತದೆ, ಇನ್ನೊಂದು ಲೆಗಸಿ ವಿಧಾನದ್ದು. ಯಾವುದನ್ನು ಆರಿಸುತ್ತೀರೋ ವಿಂಡೋಸ್ ಅದೇ ವಿಧಾನದಲ್ಲಿ ಇನ್‌ಸ್ಟಾಲ್ ಆಗುತ್ತದೆ. ಆಯ್ದ ಡಿಸ್ಕ್ ಜಿಪಿಟಿ ಕ್ರಮದಲ್ಲಿದೆ, ಆದ್ದರಿಂದ ಇಲ್ಲಿ ಇನ್‌ಸ್ಟಾಲ್ ಮಾಡಲಾಗದು ಎಂಬ ಸಂದೇಶ ಬರುವುದು ಬಹುತೇಕ ಲೆಗಸಿ ಸಾಲನ್ನು ಆರಿಸಿದಾಗಲೇ. ಡಿಸ್ಕನ್ನು ಅಳಿಸುವ ಮೊದಲು ಹಿಂದಕ್ಕೆ ಹೋಗಿ ಇನ್ನೊಂದು ಸಾಲನ್ನು ಆರಿಸಿ ನೋಡಿ. ಪೆನ್‌ಡ್ರೈವ್ ಕಾಣಿಸುವುದೇ ಇಲ್ಲವಾದರೆ ಬೇರೆ ಪೋರ್ಟ್‌ಗೆ ಹಾಕಿ, ಅದು ಫ್ಯಾಟ್32 ಸ್ವರೂಪದಲ್ಲಿದೆಯೇ ಎಂದು ಪರೀಕ್ಷಿಸಿ. ಅನೇಕ ಫರ್ಮ್‌ವೇರ್‌ಗಳು ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಸ್ವರೂಪವನ್ನು ಓದುವುದಿಲ್ಲ.

ಲೆಗಸಿಯಿಂದ ಯುಇಎಫ್‌ಐಗೆ ಬದಲಿಸಿದೆ, ಈಗ ಬೂಟ್ ಸಾಧನವೇ ಸಿಗುತ್ತಿಲ್ಲ ಎನ್ನುತ್ತಿದೆ. ಡೇಟಾ ಹೋಯಿತೇ?

ಹೋಗಿಲ್ಲ. ಡಿಸ್ಕ್‌ನಲ್ಲಿರುವುದು ಹಾಗೆಯೇ ಇದೆ, ಫರ್ಮ್‌ವೇರ್ ಹುಡುಕುತ್ತಿರುವ ಜಾಗ ಮಾತ್ರ ಬದಲಾಗಿದೆ. ಎಂಬಿಆರ್ ಡಿಸ್ಕ್‌ನಲ್ಲಿ ಲೆಗಸಿ ವಿಧಾನದಿಂದ ಇನ್‌ಸ್ಟಾಲ್ ಆದ ವಿಂಡೋಸ್‌ಗೆ ಯುಇಎಫ್‌ಐ ಬಯಸುವ ಬೂಟ್ ಪಾರ್ಟಿಷನ್ ಇರುವುದಿಲ್ಲ. ಯುಇಎಫ್‌ಐನಲ್ಲೂ ಲೆಗಸಿ ವಿಧಾನಕ್ಕೆ ಅವಕಾಶ ಕೊಡುವ ಸಿಎಸ್‌ಎಂ ಎಂಬ ಹೊಂದಾಣಿಕೆಯ ಆಯ್ಕೆಯನ್ನು ಮತ್ತೆ ಆನ್ ಮಾಡಿದರೆ ಅಥವಾ ಬೂಟ್ ಮೋಡನ್ನು ಲೆಗಸಿಗೆ ಮರಳಿಸಿದರೆ ಹಳೆಯ ವಿಂಡೋಸ್ ಮೊದಲಿನಂತೆಯೇ ತೆರೆಯುತ್ತದೆ.

ನಿಜವಾಗಿಯೂ ಯುಇಎಫ್‌ಐಗೆ ಹೋಗಬೇಕೆಂದಿದ್ದರೆ ಕ್ರಮ ಹೀಗಿರಬೇಕು: ಮೊದಲು ಬ್ಯಾಕಪ್, ಆಮೇಲೆ ಡಿಸ್ಕ್‌ನ ಪರಿವರ್ತನೆ, ಕೊನೆಯಲ್ಲಿ ಫರ್ಮ್‌ವೇರ್ ಸೆಟ್ಟಿಂಗ್. ವಿಂಡೋಸ್ 10ರಲ್ಲಿ 2017ರಿಂದ ಎಂಬಿಆರ್2ಜಿಪಿಟಿ ಎಂಬ ಸಾಧನ ಸೇರಿದ್ದು, ಸಿಸ್ಟಂ ಡಿಸ್ಕನ್ನು ಮಾಹಿತಿ ಅಳಿಸದೆ ಅದು ಜಿಪಿಟಿಗೆ ಬದಲಿಸುತ್ತದೆ. ಡಿಸ್ಕ್‌ನಲ್ಲಿ ಮೂರಕ್ಕಿಂತ ಹೆಚ್ಚು ಪ್ರಾಥಮಿಕ ಪಾರ್ಟಿಷನ್‌ಗಳಿದ್ದರೆ ಅದು ಒಪ್ಪುವುದಿಲ್ಲ. ಅದರಲ್ಲಿ ಪರಿಶೀಲನೆ ಮಾತ್ರ ನಡೆಸುವ ಆಯ್ಕೆಯೂ ಇದೆ. ಅದನ್ನು ಮೊದಲು ಬಳಸಿ. ಹಳೆಯ ಗ್ರಾಫಿಕ್ಸ್ ಕಾರ್ಡ್ ಇರುವವರು ಇನ್ನೊಂದು ವಿಷಯ ಗಮನಿಸಬೇಕು: ಆ ಕಾರ್ಡ್‌ಗೆ ಯುಇಎಫ್‌ಐ ಬೆಂಬಲವಿಲ್ಲದಿದ್ದರೆ ಸಿಎಸ್‌ಎಂ ಆಫ್ ಮಾಡಿದಾಗ ಪರದೆಯಲ್ಲಿ ಚಿತ್ರವೇ ಬಾರದಿರಬಹುದು.

ಸೆಕ್ಯೂರ್ ಬೂಟ್ ಏನು ಮಾಡುತ್ತದೆ? ಲಿನಕ್ಸ್ ಹಾಕಲು ಅದನ್ನು ಆಫ್ ಮಾಡಲೇಬೇಕೇ?

ಬೂಟ್ ಲೋಡರ್‌ಗೆ ನಂಬಿಕಸ್ಥರ ಡಿಜಿಟಲ್ ಸಹಿ ಇದೆಯೇ ಎಂದು ನೋಡಿ, ಇದ್ದರೆ ಮಾತ್ರ ಅದನ್ನು ನಡೆಯಗೊಡುವುದು ಸೆಕ್ಯೂರ್ ಬೂಟ್‌ನ ಕೆಲಸ. ಆಪರೇಟಿಂಗ್ ಸಿಸ್ಟಂಗಿಂತ ಮೊದಲೇ ಎಚ್ಚರಗೊಳ್ಳುವ ದುಷ್ಟ ತಂತ್ರಾಂಶವನ್ನು ಆಂಟಿವೈರಸ್ ಹಿಡಿಯುವುದು ಕಷ್ಟ, ಆದ್ದರಿಂದ ಈ ತಪಾಸಣೆ ಅದಕ್ಕೂ ಮುಂಚೆ ನಡೆಯಬೇಕಾಗುತ್ತದೆ. ಒಪ್ಪಿಗೆಯ ಸಹಿಗಳಿಗೆ ಒಂದು ಪಟ್ಟಿ, ರದ್ದಾದ ಸಹಿಗಳಿಗೆ ಇನ್ನೊಂದು ಪಟ್ಟಿ ಫರ್ಮ್‌ವೇರ್‌ನಲ್ಲಿರುತ್ತದೆ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಇದು ವ್ಯಾಪಕವಾಗಿ ಬಳಕೆಯಲ್ಲಿದೆ.

ಉಬುಂಟು, ಫೆಡೋರಾ, ಡೆಬಿಯನ್‌ಗಳಂಥ ಪ್ರಮುಖ ಲಿನಕ್ಸ್ ವಿತರಣೆಗಳು ಮೈಕ್ರೋಸಾಫ್ಟ್ ಸಹಿ ಮಾಡಿದ ಶಿಮ್ ಎಂಬ ಪುಟ್ಟ ಲೋಡರ್‌ನೊಂದಿಗೆ ಬರುತ್ತವೆ, ಆದ್ದರಿಂದ ಸೆಕ್ಯೂರ್ ಬೂಟ್ ಆನ್ ಇರುವಾಗಲೇ ಅವುಗಳನ್ನು ಹಾಕಬಹುದು. ಎನ್‌ವಿಡಿಯಾ ಡ್ರೈವರ್‌ನಂತೆ ಹೊರಗಿನಿಂದ ಸೇರಿಸುವ ಮಾಡ್ಯೂಲ್‌ಗಳಿಗೆ ನಿಮ್ಮದೇ ಕೀ ನೋಂದಾಯಿಸಬೇಕಾಗುತ್ತದೆ. ಇನ್‌ಸ್ಟಾಲ್ ಮಾಡುವಾಗ ಕೇಳುವ ತಾತ್ಕಾಲಿಕ ಪಾಸ್‌ವರ್ಡ್ ಇದಕ್ಕಾಗಿಯೇ, ಮುಂದಿನ ಬೂಟ್‌ನಲ್ಲಿ ನೀಲಿ ಪರದೆ ಅದನ್ನೇ ಮತ್ತೆ ಕೇಳುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ತಯಾರಕರ ಲೋಡರ್‌ಗಳನ್ನು ನಂಬುವ ಆಯ್ಕೆ ಮೊದಲಿನಿಂದಲೇ ಆಫ್ ಇರುತ್ತದೆ. ಅಲ್ಲಿ ಸೆಕ್ಯೂರ್ ಬೂಟನ್ನೇ ಆಫ್ ಮಾಡುವ ಬದಲು ಆ ಆಯ್ಕೆಯೊಂದನ್ನು ಆನ್ ಮಾಡಿದರೆ ಸಾಕು.

ಸೆಕ್ಯೂರ್ ಬೂಟ್‌ನ ಪುಟದಲ್ಲಿ ಎಲ್ಲ ಕೀಗಳನ್ನೂ ಅಳಿಸುವ ಆಯ್ಕೆಯೊಂದಿರುತ್ತದೆ. ಕಾರಣ ತಿಳಿಯದೆ ಅದನ್ನು ಒತ್ತಬೇಡಿ. ಒತ್ತಿಬಿಟ್ಟಿದ್ದರೆ ಕಾರ್ಖಾನೆಯ ಕೀಗಳನ್ನು ಮರಳಿ ತುಂಬುವ ಆಯ್ಕೆ ಅದೇ ಪುಟದಲ್ಲಿರುತ್ತದೆ. ಇನ್ನೊಂದು ಸಂಗತಿ: 2011ರಲ್ಲಿ ಮಾಡಿದ ಮೈಕ್ರೋಸಾಫ್ಟ್ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯುವಂತೆ ನಿಗದಿಯಾಗಿದ್ದು, ಅವುಗಳ ಜಾಗಕ್ಕೆ 2023ರ ಪ್ರಮಾಣಪತ್ರಗಳು ವಿಂಡೋಸ್ ಮತ್ತು ಫರ್ಮ್‌ವೇರ್ ಅಪ್‌ಡೇಟ್‌ಗಳ ಮೂಲಕ ಬರುತ್ತವೆ. ಅಪ್‌ಡೇಟ್‌ಗಳನ್ನು ವರ್ಷಗಟ್ಟಲೆ ತಡೆಹಿಡಿದವರು ಇದನ್ನು ಗಮನಿಸಬೇಕು.

ವಿಂಡೋಸ್ 11 ಟಿಪಿಎಂ ಕೇಳುತ್ತಿದೆ. ಹೊಸ ಚಿಪ್ ಕೊಳ್ಳಬೇಕೇ?

ಬಹುತೇಕ ಬೇಕಾಗುವುದಿಲ್ಲ. 2021ರಲ್ಲಿ ಬಂದ ವಿಂಡೋಸ್ 11 ಬೆಂಬಲಿಸುವ ಪ್ರೊಸೆಸರ್‌ಗಳಿರುವ ಕಂಪ್ಯೂಟರ್‌ಗಳಲ್ಲಿ ಟಿಪಿಎಂ 2.0 ಫರ್ಮ್‌ವೇರ್‌ನ ಮೂಲಕವೇ ಸಾಮಾನ್ಯವಾಗಿ ಲಭ್ಯವಿರುತ್ತದೆ, ಆದರೆ ಆಫ್ ಆಗಿರಬಹುದು. ಇಂಟೆಲ್ ಬೋರ್ಡ್‌ಗಳಲ್ಲಿ ಪಿಟಿಟಿ ಎಂದೂ ಎಎಂಡಿ ಬೋರ್ಡ್‌ಗಳಲ್ಲಿ ಎಫ್‌ಟಿಪಿಎಂ ಎಂದೂ ಅದರ ಹೆಸರಿರುತ್ತದೆ. ಎಎಂಡಿ ಪ್ರೊಸೆಸರ್ ಬದಲಿಸಿದ ಮೇಲೆ ಎಫ್‌ಟಿಪಿಎಂ ರೀಸೆಟ್ ಮಾಡಲೇ ಎಂದು ಪರದೆ ಕೇಳಿದರೆ, ಬಿಟ್‌ಲಾಕರ್ ರಿಕವರಿ ಕೀ ಕೈಯಲ್ಲಿಲ್ಲದೆ ಒಪ್ಪಿಗೆ ಕೊಡಬೇಡಿ.

ಸಾಟಾ ಮೋಡನ್ನು ಎಎಚ್‌ಸಿಐಗೆ ಬದಲಿಸಿದ ಕೂಡಲೇ ವಿಂಡೋಸ್ ನೀಲಿ ಪರದೆ ತೋರಿಸುತ್ತಿದೆ. ಏಕೆ?

ಕಂಪ್ಯೂಟರ್ ಡಿಸ್ಕ್‌ಗಳೊಡನೆ ವ್ಯವಹರಿಸುವ ವಿಧಾನವನ್ನು ಸಾಟಾ ಮೋಡ್ ಗೊತ್ತುಮಾಡುತ್ತದೆ; ಎಎಚ್‌ಸಿಐ ಮತ್ತು ರೇಡ್ ಅದರ ಆಯ್ಕೆಗಳು. ಡಿಸ್ಕನ್ನು ಮಾತನಾಡಿಸಲು ಬೇಕಾದ ಡ್ರೈವರನ್ನು ವಿಂಡೋಸ್ ಬೂಟ್‌ನ ಆರಂಭದಲ್ಲೇ ತುಂಬಿಕೊಳ್ಳಬೇಕು. ರೇಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ಮೋಡ್‌ನಲ್ಲಿ ಇನ್‌ಸ್ಟಾಲ್ ಆದಾಗ ಅದು ಆ ಡ್ರೈವರನ್ನಷ್ಟೇ ಆರಂಭಕ್ಕೆ ಗೊತ್ತುಮಾಡಿ ಉಳಿದವನ್ನು ಬದಿಗಿಟ್ಟಿರುತ್ತದೆ. ಮೋಡ್ ಬದಲಾದಾಗ ತಾನೇ ಕುಳಿತಿರುವ ಡಿಸ್ಕ್ ಅದಕ್ಕೆ ಕಾಣದಂತಾಗುತ್ತದೆ. ಹಳೆಯ ಮೋಡ್‌ಗೆ ಮರಳಿಸಿದರೆ ಎಲ್ಲವೂ ಸರಿಯಾಗುತ್ತದೆ. ಬದಲಾವಣೆ ಅಗತ್ಯವೇ ಆಗಿದ್ದರೆ ಮೊದಲು ವಿಂಡೋಸ್ ಸೇಫ್ ಮೋಡ್‌ನಲ್ಲಿ ತೆರೆಯುವಂತೆ ಸಿಸ್ಟಂ ಕಾನ್ಫಿಗರೇಷನ್‌ನಲ್ಲಿ ಗುರುತು ಮಾಡಿ, ರೀಸ್ಟಾರ್ಟ್ ಆಗುವಾಗ ಸೆಟಪ್‌ಗೆ ಹೋಗಿ ಎಎಚ್‌ಸಿಐ ಆರಿಸಿ, ಸೇಫ್ ಮೋಡ್ ಒಮ್ಮೆ ತೆರೆದ ಬಳಿಕ ಆ ಗುರುತನ್ನು ತೆಗೆಯಿರಿ. ಸೇಫ್ ಮೋಡ್‌ನಲ್ಲಿ ವಿಂಡೋಸ್ ಮೂಲ ಡ್ರೈವರ್‌ಗಳನ್ನೆಲ್ಲ ಪ್ರಯತ್ನಿಸುವುದರಿಂದ ಸರಿಯಾದದ್ದನ್ನು ಕಂಡುಕೊಳ್ಳುತ್ತದೆ. ನಿಜವಾಗಿಯೂ ಹಲವು ಡಿಸ್ಕ್‌ಗಳನ್ನು ಕೂಡಿಸಿ ರೇಡ್ ಮಾಡಿಕೊಂಡಿದ್ದರೆ ಈ ಸೆಟ್ಟಿಂಗನ್ನು ಮುಟ್ಟಲೇಬೇಡಿ.

ಬದಲಿಸಿದರೆ ನಿಜಕ್ಕೂ ಪ್ರಯೋಜನವಾಗುವ ಸೆಟ್ಟಿಂಗ್‌ಗಳು ಯಾವುವು?

ರ‍್ಯಾಮ್‌ನ ವೇಗ ಮೊದಲನೆಯದು. ಪೊಟ್ಟಣದ ಮೇಲೆ 3200 ಎಂದು ಬರೆದಿರುವ ಡಿಡಿಆರ್4 ರ‍್ಯಾಮ್ ತಾನಾಗಿ 2133ರಂಥ ಕಡಿಮೆ ವೇಗದಲ್ಲಿ ನಡೆಯುತ್ತಿರಬಹುದು. ರ‍್ಯಾಮ್ ತಯಾರಕರು ಅದರಲ್ಲೇ ಬರೆದಿಟ್ಟಿರುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ವೇಗದ ಪ್ರೊಫೈಲ್ ಆರಿಸಿದಾಗ ಹೇಳಿದ ವೇಗ ಸಿಗುತ್ತದೆ. ಆದರೂ ಇದು ಓವರ್‌ಕ್ಲಾಕಿಂಗ್, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚಿಸಿ ನಡೆಸುವುದು, ಎಂದೇ ಲೆಕ್ಕ, ಕಂಪ್ಯೂಟರ್ ಅಸ್ಥಿರವಾದರೆ ಮೊದಲು ಇದನ್ನು ಹಿಂದಕ್ಕೆ ತೆಗೆದು ನೋಡಬೇಕು. ವರ್ಚುವಲ್ ಮಷೀನ್ ಅಥವಾ ಆಂಡ್ರಾಯ್ಡ್ ಎಮ್ಯುಲೇಟರ್ ಬಳಸುವವರು ಇಂಟೆಲ್‌ನಲ್ಲಿ ವಿಟಿ-ಎಕ್ಸ್, ಎಎಂಡಿಯಲ್ಲಿ ಎಸ್‌ವಿಎಂ ಮೋಡ್ ಆನ್ ಮಾಡಬೇಕು. ಫ್ಯಾನ್ ಸದ್ದು ತೊಂದರೆ ಕೊಡುತ್ತಿದ್ದರೆ ತಾಪಕ್ಕೆ ತಕ್ಕ ವೇಗವನ್ನು ಇಲ್ಲೇ ಹೊಂದಿಸಬಹುದು. ವೋಲ್ಟೇಜ್‌ಗಳನ್ನು ಮಾತ್ರ, ಅವುಗಳ ಮಿತಿ ಖಚಿತವಾಗಿ ತಿಳಿಯದವರು, ಆಟೋದಲ್ಲೇ ಬಿಡುವುದು ಒಳಿತು.

ಫಾಸ್ಟ್ ಬೂಟ್ ಮತ್ತು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಒಂದೇ ಏನು?

ಅಲ್ಲ. ಫಾಸ್ಟ್ ಬೂಟ್ ಫರ್ಮ್‌ವೇರ್‌ನ ಸೆಟ್ಟಿಂಗ್. ಕೆಲವು ಪರೀಕ್ಷೆಗಳನ್ನೂ ಯುಎಸ್‌ಬಿ ಸಾಧನಗಳನ್ನೂ ಬಿಟ್ಟು ಮುಂದೆ ಹೋಗುತ್ತದೆ, ಕೀಬೋರ್ಡ್ ಸ್ಪಂದಿಸದಿರುವುದಕ್ಕೆ ಇದೂ ಕಾರಣವಾಗಬಹುದು. ಫಾಸ್ಟ್ ಸ್ಟಾರ್ಟಪ್ ವಿಂಡೋಸ್‌ಗೆ ಸೇರಿದ್ದು. ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ತಿರುಳಾದ ಕರ್ನಲ್‌ನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿಡುತ್ತದೆ. ಅದೇ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಕೂಡ ಇದ್ದರೆ ಎರಡನೆಯದನ್ನು ಆಫ್ ಮಾಡಿ, ಇಲ್ಲವಾದರೆ ವಿಂಡೋಸ್ ಪಾರ್ಟಿಷನ್‌ಗೆ ಲಿನಕ್ಸ್‌ನಿಂದ ಬರೆಯಲಾಗದು.

ದಿನಾಂಕ ಮತ್ತು ಸಮಯ ಪದೇ ಪದೇ ತಪ್ಪುತ್ತಿದೆ. ಏನು ಮಾಡಲಿ?

ಪ್ಲಗ್ ತೆಗೆದಿಟ್ಟಾಗ ಗಡಿಯಾರ ಹಳೆಯ ವರ್ಷಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್‌ನ ಗುಂಡು ಬ್ಯಾಟರಿ ಮುಗಿದಿದೆ. ಡೆಸ್ಕ್‌ಟಾಪ್‌ಗಳಲ್ಲಿ ಅದು ಹೆಚ್ಚಾಗಿ 3 ವೋಲ್ಟ್‌ನ ಸಿಆರ್2032. ವರ್ಷ ಸರಿಯಿದ್ದು ಕೆಲವು ಗಂಟೆಗಳ ವ್ಯತ್ಯಾಸ ಮಾತ್ರ ಕಾಣುತ್ತಿದ್ದರೆ, ಅದರಲ್ಲೂ ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದಾಗ ಮಾತ್ರ ಹೀಗಾಗುತ್ತಿದ್ದರೆ, ಬ್ಯಾಟರಿಯ ದೋಷವಲ್ಲ: ಫರ್ಮ್‌ವೇರ್ ಗಡಿಯಾರದಲ್ಲಿ ಸ್ಥಳೀಯ ಸಮಯವಿದೆಯೆಂದು ವಿಂಡೋಸ್ ಭಾವಿಸುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಅದನ್ನು ಯುಟಿಸಿ ಎಂಬ ಜಾಗತಿಕ ಸಮಯವೆಂದು ಓದುತ್ತದೆ. ಲಿನಕ್ಸ್‌ನಲ್ಲಿ ಸ್ಥಳೀಯ ಸಮಯವನ್ನು ಬಳಸುವಂತೆ ಹೊಂದಿಸಿದರೆ ಇದು ನಿಲ್ಲುತ್ತದೆ.

ಸೆಟ್ಟಿಂಗ್ ಬದಲಿಸಿದ ಮೇಲೆ ಪರದೆಯೇ ಬರುತ್ತಿಲ್ಲ. ಮೊದಲಿನ ಸ್ಥಿತಿಗೆ ತರುವುದು ಹೇಗೆ?

ಮೊದಲು ಸ್ವಲ್ಪ ಹೊತ್ತು ಕಾಯಿರಿ. ಅನೇಕ ಬೋರ್ಡ್‌ಗಳು ಕೆಲವು ಬಾರಿ ವಿಫಲವಾದ ಮೇಲೆ ತಾವಾಗಿಯೇ ಸುರಕ್ಷಿತ ಮೌಲ್ಯಗಳಿಗೆ ಮರಳುತ್ತವೆ. ಹಾಗಾಗದಿದ್ದರೆ ವಿದ್ಯುತ್ ಪೂರ್ತಿ ಕಡಿತಗೊಳಿಸಿ, ಪ್ಲಗ್ ಹೊರತೆಗೆದು, ಕ್ಲಿಯರ್ ಸಿಮಾಸ್ ಎಂದು ಗುರುತಿಸಿರುವ ಎರಡು ಪಿನ್‌ಗಳನ್ನು ಕೆಲವು ಸೆಕೆಂಡ್ ಜೋಡಿಸಿ. ಪಿನ್‌ಗಳ ಜಾಗ ಬೋರ್ಡ್‌ನ ಕೈಪಿಡಿಯಲ್ಲಿರುತ್ತದೆ. ಬ್ಯಾಟರಿ ತೆಗೆದಿಡುವುದು ಹಳೆಯ ಉಪಾಯ. ಇತ್ತೀಚಿನ ಕಂಪ್ಯೂಟರ್‌ಗಳಲ್ಲಿ ಹಲವು ಸೆಟ್ಟಿಂಗ್‌ಗಳು ಫ್ಲ್ಯಾಶ್ ಚಿಪ್‌ನಲ್ಲೇ ಇರುವುದರಿಂದ ಅದು ಎಲ್ಲವನ್ನೂ ಅಳಿಸುತ್ತದೆಂಬ ಭರವಸೆಯಿಲ್ಲ. ಲ್ಯಾಪ್‌ಟಾಪ್‌ಗಳ ಸೆಟಪ್‌ಗೆ ಬೀಗ ಹಾಕುವ ಸೂಪರ್‌ವೈಸರ್ ಪಾಸ್‌ವರ್ಡ್ ಬ್ಯಾಟರಿ ತೆಗೆದರೂ ಹೋಗದಿರುವುದು ಇದೇ ಕಾರಣಕ್ಕೆ. ಆ ಪಾಸ್‌ವರ್ಡ್ ಇಟ್ಟವರು ಅದನ್ನು ಜೋಪಾನವಾಗಿ ಬರೆದಿಡಬೇಕು.

ಬೀಪ್ ಸದ್ದು ಅಥವಾ ಬೋರ್ಡ್ ಮೇಲಿನ ಪುಟ್ಟ ದೀಪಗಳನ್ನೂ ಗಮನಿಸಿ. ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್ ಎಂಬ ನಾಲ್ಕರಲ್ಲಿ ಯಾವ ದೀಪ ಉರಿದೇ ಉಳಿಯುತ್ತದೋ ಪರೀಕ್ಷೆ ಅಲ್ಲಿ ನಿಂತಿದೆ ಎಂದರ್ಥ. ಬೀಪ್‌ಗಳ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ನಿಮ್ಮ ಮಾದರಿಯ ಕೈಪಿಡಿಯನ್ನೇ ನೋಡಬೇಕು.

ಬಯೋಸ್ ಅಪ್‌ಡೇಟ್ ಮಾಡಬೇಕೇ?

ಎಲ್ಲ ಸರಿಯಾಗಿ ನಡೆಯುತ್ತಿದ್ದರೆ ಮುಟ್ಟಬೇಡಿ ಎಂಬ ಹಳೆಯ ಸಲಹೆ ಈಗ ಅರ್ಧ ಮಾತ್ರ ಸರಿ. ಫರ್ಮ್‌ವೇರ್‌ನಲ್ಲೂ ಭದ್ರತಾ ದೋಷಗಳಿರುತ್ತವೆ: 2018ರಲ್ಲಿ ಬೆಳಕಿಗೆ ಬಂದ ಲೋಜ್ಯಾಕ್ಸ್ ನಿಜವಾದ ದಾಳಿಯೊಂದರಲ್ಲಿ ಯುಇಎಫ್‌ಐ ಒಳಗೇ ಅಡಗಿ ಕುಳಿತಿತ್ತು, 2023ರಲ್ಲಿ ಬಹಿರಂಗವಾದ ಲೋಗೋಫೇಲ್ ದೋಷಗಳು ಆರಂಭದ ಲಾಂಛನದ ಚಿತ್ರವನ್ನು ಓದುವ ಭಾಗದಲ್ಲಿದ್ದವು. ಭದ್ರತೆ, ಹೊಸ ಪ್ರೊಸೆಸರ್‌ಗೆ ಬೆಂಬಲ ಅಥವಾ ನಿಮಗೆ ಎದುರಾಗಿರುವ ತೊಂದರೆಯ ಪರಿಹಾರ ಅಪ್‌ಡೇಟ್‌ನ ವಿವರಣೆಯಲ್ಲಿದ್ದರೆ ಹಾಕಿಕೊಳ್ಳಿ.

ಫೈಲನ್ನು ತಯಾರಕರ ಅಧಿಕೃತ ತಾಣದಿಂದ ಮಾತ್ರ ಪಡೆಯಿರಿ. ಮಾದರಿಯ ಹೆಸರಿನಲ್ಲಿ ಒಂದಕ್ಷರ ಬೇರೆಯಾಗಿದ್ದರೂ, ಬೋರ್ಡ್‌ನ ಪರಿಷ್ಕರಣೆ ಸಂಖ್ಯೆ ಹೊಂದದಿದ್ದರೂ ಅದು ನಿಮ್ಮದಲ್ಲ. ಬಿಟ್‌ಲಾಕರ್ ಸಸ್ಪೆಂಡ್ ಮಾಡಿ, ಲ್ಯಾಪ್‌ಟಾಪ್ ಆದರೆ ಚಾರ್ಜರ್ ಜೋಡಿಸಿ, ಡೆಸ್ಕ್‌ಟಾಪ್ ಆದರೆ ಸಾಧ್ಯವಿದ್ದಷ್ಟೂ ಯುಪಿಎಸ್ ಬಳಸಿ. ಬರವಣಿಗೆ ನಡೆಯುವಾಗ ವಿದ್ಯುತ್ ಹೋದರೆ ಬೋರ್ಡ್ ಎದ್ದೇಳದಿರಬಹುದು. ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬರೆಯಬಲ್ಲ ಫ್ಲ್ಯಾಶ್‌ಬ್ಯಾಕ್ ಬಟನ್ ಕೆಲವು ಬೋರ್ಡ್‌ಗಳ ಹಿಂಬದಿಯಲ್ಲಿರುತ್ತದೆ, ಆಗ ಅದೇ ಆಸರೆ. ಅಪ್‌ಡೇಟ್ ಮುಗಿದ ಮೇಲೆ ಸೆಟ್ಟಿಂಗ್‌ಗಳು ಅನೇಕ ಬಾರಿ ಕಾರ್ಖಾನೆಯ ಮೌಲ್ಯಗಳಿಗೆ ಹೋಗಿರುತ್ತವೆ. ಮೊದಲೇ ತೆಗೆದಿಟ್ಟ ಚಿತ್ರಗಳನ್ನು ನೋಡಿಕೊಂಡು, ವಿಂಡೋಸ್ ತೆರೆಯುವುದಕ್ಕೂ ಮುನ್ನವೇ ಸೆಟಪ್‌ಗೆ ಹೋಗಿ ಬೂಟ್ ಮೋಡ್, ಸಾಟಾ ಮೋಡ್ ಮತ್ತು ಟಿಪಿಎಂಗಳನ್ನು ಸರಿಪಡಿಸಿ. ರ‍್ಯಾಮ್ ಪ್ರೊಫೈಲ್ ಮತ್ತು ಫ್ಯಾನ್ ವೇಗವನ್ನು ಆಮೇಲೆ ಬಿಡುವಾದಾಗ ಹೊಂದಿಸಿಕೊಳ್ಳಬಹುದು.